ಎಲಿವೇಶನ್ನಿನ ಬುಡದಲ್ಲೊಂದು ಕಿಟಕಿ

ನಮ್ಮ ಅಡುಗೆಮನೆಯ ಬೇಳೆ ಡಬ್ಬಿಗಳ ಕೆಳಗೆ ಹಾಸಿರುವ ಹೊಳಪು ಕಾಗದದಲ್ಲಿ ಒಬ್ಬ ಬಿಳಿಯ ಹೆಂಗಸು ನಾಯಿ ಹಿಡಿದುಕೊಂಡು ನಡೆದು ಹೋಗುತ್ತಿದ್ದಾಳೆ. ಮೊನ್ನೆ ಗೂಡು ಒರೆಸಲು ಡಬ್ಬಿಗಳನ್ನು ಇಳಿಸಿದಾಗ ಬಹಳ ದಿನದ ಮೇಲೆ ಭೇಟಿಯಾದಳು. ತೊಗರಿಬೇಳೆ ಡಬ್ಬಿಯ ಗುಂಡು ಗುರುತು ಅವಳ ತಲೆಯ ಸುತ್ತ ಪ್ರಭಾವಳಿಯಂತೆ ಕೂತಿತ್ತು. ಅವಳ ಬೆನ್ನ ಹಿಂದೆ ಇರುವುದು ನಮ್ಮ ಮನೆ. ಅಂದರೆ, ಒಂದು ಇಟ್ಟಿಗೆ ಬರುವ ಮೊದಲೇ ಆರ್ಕಿಟೆಕ್ಟ್ ಕಂಪ್ಯೂಟರಿನಲ್ಲಿ ಕಟ್ಟಿ ಮುಗಿಸಿದ್ದ ನಮ್ಮ ಮನೆ. ಮುಂದೆ ನಮ್ಮದಲ್ಲದ ಕೆಂಪು ಕಾರು. ಪಕ್ಕದಲ್ಲಿ ನಮ್ಮ ಕಡೆಯ ಬಿಸಿಲಿಗೆ ಒಂದು ವಾರವೂ ಬದುಕದ ಮರ. ಈ ಹೆಂಗಸು ಯಾರು, ಕೊಯಮತ್ತೂರಿನ ಹೊರಗಿನ ನಮ್ಮ ತೊಂಡಾಮುತ್ತೂರು ರಸ್ತೆಗೆ ಯಾಕೆ ಬಂದಳು ಎಂದು ನಾನು ಆಗಲೇ ಕೇಳಿದ್ದೆ. ಸುದ್ದಿಮನೆಯಲ್ಲಿ ಕೂತು ಕೂತು ಬಂದ ಚಾಳಿ. ಚಿತ್ರದಲ್ಲಿರುವವರೆಲ್ಲರ ಹೆಸರು ಅಡಿಬರಹದಲ್ಲಿ ಇರಲೇಬೇಕು.

"ಮನೆಯ ಅಳತೆ ಗೊತ್ತಾಗಲಿ ಅಂತ ಹಾಕೋದುಂಗ ಸಾರ್," ಎಂದ ಆರ್ಕಿಟೆಕ್ಟ್ ಅರುಳ್. ಹೇಳಿದ್ದು ತಮಿಳಿನಲ್ಲಿ. ನಮ್ಮ ಕಡೆಯ ತಮಿಳಿನಲ್ಲಿ ಮರ್ಯಾದೆ ಮಾತಿನ ಕೊನೆಗೆ 'ಉಂಗ' ಆಗಿ ಅಂಟಿಕೊಂಡಿರುತ್ತದೆ. ಕನ್ನಡಕ್ಕೆ ತಂದರೂ ಉದುರುವುದಿಲ್ಲ.

ಈ ಚಿತ್ರಕ್ಕೆ ನಮ್ಮಲ್ಲಿ ಎಲಿವೇಶನ್ ಅನ್ನುತ್ತಾರೆ. ಮನೆಯ ಮುಖ. ಹಿಂದೆ ಮನೆ ಕಟ್ಟುವವರನ್ನು ಬಾವಿ ತೋಡಿಸಿದಿರಾ, ಕೋಣೆ ಎಷ್ಟು ಎಂದು ಕೇಳುತ್ತಿದ್ದರು. ಈಗ "ಎಲಿವೇಶನ್ ಏನು ಕೊಡ್ತಿದೀರಿ?" ಎಂದು ಕೇಳುತ್ತಾರೆ, ಮದುಮಗಳಿಗೆ ಏನು ಹಾಕುತ್ತೀರಿ ಎಂದು ಕೇಳಿದ ಹಾಗೆ. ತಿರುಪ್ಪೂರಿನಲ್ಲಿ ನನ್ನ ಹೆಂಡತಿ ವಸಂತಾಳ ದೊಡ್ಡಪ್ಪನ ಮಗನೊಬ್ಬನಿದ್ದಾನೆ. ಬನಿಯನ್ ಹೊಲಿಸಿ ಹಡಗಿಗೆ ಹಾಕುವ ವ್ಯಾಪಾರ. ಅವನ ಮನೆಯ ಮುಂಭಾಗ ನೋಡಿದರೆ ಪರದೇಶದ ಬ್ಯಾಂಕು. ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದರೆ ಗಾರೆಯನ್ನೇ ಕಾಣದ ಬೋಳು ಇಟ್ಟಿಗೆ ಗೋಡೆ. ಯಾಕಪ್ಪಾ ಹೀಗೆ ಎಂದು ಕೇಳಿದ್ದಕ್ಕೆ, "ಬನಿಯನ್ನಿಗೂ ಲೇಬಲ್ ಒಂದೇ ಕಡೆ ತಾನೇ ಬಾವಾ?" ಎಂದ.

ನನ್ನ ವಿಷಯ ಹೇಳಿಬಿಡುತ್ತೇನೆ. ಕೊಯಮತ್ತೂರಿನ ತಮಿಳು ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ನನ್ನ ಕೆಲಸ. ಬೇರೆಯವರು ಓಡಾಡಿ ತಂದ ಸುದ್ದಿಯನ್ನು ಕೂತಲ್ಲೇ ಅನುಮಾನಿಸುವುದು. ವಸಂತಾ ಪೀಳಮೇಡಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಅಲ್ಲೇ ಮಹಡಿಯ ಮೇಲೆ ಬಾಡಿಗೆ ಮನೆ, ನಮ್ಮಿಬ್ಬರಿಗೆ ಸಾಕಿತ್ತು. ಹೊಸ ಮನೆ ಬೇಕಾದದ್ದು ಅವ್ವನಿಗಾಗಿ. ಅವ್ವ ನೆಗಮಂ ಊರಿನ ನಮ್ಮ ಮಗ್ಗದ ಮನೆಯಲ್ಲಿ ತನ್ನ ತಂಗಿಯ ಸಂಸಾರದೊಂದಿಗೆ ಇದ್ದಳು. ತಂಗಿಯೆಂದರೆ ನನ್ನ ಚಿಕ್ಕವ್ವ. ಆ ಮನೆಯ ಗೋಡೆ ಮಳೆಗಾಲಕ್ಕೊಮ್ಮೆ ನೀರು ಕುಡಿದು ಕುಡಿದು, ಕೊನೆಗೆ ಬೀಳಿಸಲೇಬೇಕು ಎಂದಾಯಿತು. ಚಿಕ್ಕವ್ವನ ಮಕ್ಕಳು ಪಕ್ಕದ ಬೀದಿಯಲ್ಲಿ ಬೇರೆ ಮನೆ ಹಿಡಿದರು. ಅವ್ವ ಅಲ್ಲಿಗೆ ಹೋಗುವಳೋ, ನಮ್ಮ ಹತ್ತಿರ ಬರುವಳೋ?

ಪೀಳಮೇಡಿಗೆ ಒಂದು ವಾರ ಬಂದು ನೋಡಿದಳು. ಕಿಟಕಿಯ ಹತ್ತಿರ ನಿಂತು, "ಎಲ್ಲರ ಮನೆ ನೀರಿನ ಟ್ಯಾಂಕು ನೋಡಿ ನಾನೇನ್ ಮಾಡ್ಲಿ?" ಎಂದಳು. ಸೈಟು ಕೊಂಡೆವು, ಮನೆ ಕಟ್ಟುತ್ತೇವೆ, ಬಾ ಎಂದಾಗ ಹೇಳಿದ್ದು ಇಷ್ಟು: "ಜನ್ನಲು ಸರಿಯಾಗಿದ್ರೆ ಬರ್ತೀನಿ. ಇಲ್ದಿದ್ರೆ ನನ್ನ ತಂಗಿ ಮನೆ ಇದೆ." ಚಿಕ್ಕವ್ವ ಪಕ್ಕದಲ್ಲೇ ಕೂತು, ಗೆಲ್ಲುವ ಅಭ್ಯರ್ಥಿಯ ಹಾಗೆ ಎಲೆ ಅಡಿಕೆ ಜಗಿಯುತ್ತಿದ್ದಳು.

ಜನ್ನಲು ಅಂದರೆ ಕಿಟಕಿ. ಎಷ್ಟೋ ತಲೆಮಾರು ತಮಿಳಿನ ನಡುವೆ ಬದುಕಿದ ಕನ್ನಡ ನಮ್ಮದು. ಬಾಗಿಲು ಕನ್ನಡದಲ್ಲೇ ಉಳಿಯಿತು, ಕಿಟಕಿ ತಮಿಳಿಗೆ ಹೋಯಿತು. ಅವ್ವನಿಗೆ ಕನ್ನಡ ಅಕ್ಷರ ಓದಲು ಬಾರದು. ಈ ಪ್ರಬಂಧ ಬರೆಯುವ ಧೈರ್ಯ ನನಗೆ ಬಂದಿರುವುದೂ ಅದರಿಂದಲೇ.

ಇನ್ನು ಆ ಹಳೆಯ ಕಿಟಕಿ. ಕುಳಿ ಮಗ್ಗ ನೋಡದವರಿಗಾಗಿ ಒಂದು ಮಾತು. ನೆಲದಲ್ಲಿ ಕುಳಿ ತೋಡಿರುತ್ತದೆ. ನೇಯುವವರು ಅದರ ಅಂಚಿಗೆ ನೆಲದ ಮೇಲೇ ಕೂತು, ಕಾಲನ್ನು ಕುಳಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತಾರೆ. ಮೇಲೆ ಲಾಳಿ ಓಡುತ್ತದೆ. ಬೆಳಕು ಬೀಳಬೇಕಾದದ್ದು ಸೀರೆಯ ಮೇಲೆ. ಸೀರೆ ಇರುವುದು ನೆಲಕ್ಕಿಂತ ಒಂದು ಗೇಣು ಮೇಲೆ. ಹಾಗಾಗಿ ಕಿಟಕಿಯೂ ಅಷ್ಟೇ ಮೇಲೆ. ನಿಂತವರಿಗೆ ಆ ಕಿಟಕಿಯಿಂದ ಏನೂ ಕಾಣದು. ಆದರೆ ನಮ್ಮ ಮನೆಯಲ್ಲಿ ಹಗಲು ಹೊತ್ತು ನಿಂತಿರುವಷ್ಟು ಪುರುಸೊತ್ತು ಇದ್ದವರು ನೆಂಟರು ಮಾತ್ರ.

ಅವ್ವ ಮದುವೆಯಾಗಿ ಬಂದಾಗ ಆ ಕಿಟಕಿಯಲ್ಲಿ ಬೀದಿಯ ಜನರ ಮುಖವೇ ಕಾಣುತ್ತಿತ್ತಂತೆ. ಆಮೇಲೆ ಬೀದಿಗೆ ಜಲ್ಲಿ ಬಿತ್ತು, ಜಲ್ಲಿಯ ಮೇಲೆ ಟಾರು, ಟಾರಿನ ಮೇಲೆ ಮುಂದಿನ ಚುನಾವಣೆಯ ಟಾರು, ಅದರ ಮೇಲೆ ಕಾಂಕ್ರೀಟು. ರಸ್ತೆ ಮೇಲೇರಿದ ಹಾಗೆ ನಮ್ಮ ಕಿಟಕಿಯಲ್ಲಿ ಜನ ಕೆಳಗಿಳಿದರು. ಮುಖ ಹೋಗಿ ಸೊಂಟ ಬಂತು. ನಾನು ಹುಟ್ಟುವ ಹೊತ್ತಿಗೆ ಮೊಣಕಾಲು. ನನಗೆ ಬುದ್ಧಿ ಬರುವ ಹೊತ್ತಿಗೆ ಊರೆಂದರೆ ಬರೀ ಪಾದ. ನಮ್ಮ ಮನೆಯವರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಮುಖವನ್ನು ಯಾರು ಬೇಕಾದರೂ ತಿದ್ದಿಕೊಳ್ಳಬಹುದು. ಹಿಮ್ಮಡಿ ಸುಳ್ಳು ಹೇಳುವುದಿಲ್ಲ. ಅಂಚೆಯವರ ಎಡಗಾಲು ಹೊರಕ್ಕೆ ತಿರುಗಿತ್ತು. ಪೂಜಾರಿ ಬಿಸಿಲಿಗೆ ತುದಿಗಾಲಲ್ಲಿ ಓಡುತ್ತಿದ್ದರು. ಹಿಂದಿನ ಬೀದಿಯ ಒಬ್ಬಾಕೆ ಗಂಡನ ಮೇಲೆ ಸಿಟ್ಟು ಬಂದ ದಿನ ಕಾಲುಂಗುರ ತೆಗೆದಿಟ್ಟು ನೀರಿಗೆ ಹೋಗುತ್ತಿದ್ದಳು. ಆ ಮನೆಯ ಜಗಳ ಗಂಡನಿಗೆ ಗೊತ್ತಾಗುವ ಮೊದಲೇ ನಮ್ಮ ಮಗ್ಗಕ್ಕೆ ಗೊತ್ತಾಗುತ್ತಿತ್ತು. ಶಾಲೆಗೆ ಹೊರಟ ನನ್ನ ಕಾಲು ಟೆಂಟ್ ಸಿನಿಮಾದ ದಿಕ್ಕಿಗೆ ನಡೆದುಹೋದದ್ದನ್ನು ಅವ್ವ ಲಾಳಿ ನಿಲ್ಲಿಸದೆ ನೋಡಿ, ಸಂಜೆ ನಾನು ಬಾಗಿಲಿಗೆ ಬಂದಾಗ, "ಕಥೆ ಹೇಳು," ಎಂದಳು. ಪಾಠದ ಕಥೆಯಲ್ಲ, ಸಿನಿಮಾದ ಕಥೆ. ಪೂರ್ತಿ ಹೇಳಿಸಿಕೊಂಡ ಮೇಲೆಯೇ ಹೊಡೆದದ್ದು.

ಒಮ್ಮೆ ಮಾತ್ರ ಎಡವಟ್ಟಾಯಿತು. ಒಂದು ಮದುವೆ ಮನೆಯಲ್ಲಿ ಯಾರೋ ಚಪ್ಪಲಿ ಅದಲುಬದಲು ಮಾಡಿಕೊಂಡು, ತಮಿಳು ಮೇಷ್ಟರ ಚಪ್ಪಲಿ ಸಾರಾಯಿ ಅಂಗಡಿಯ ಕಡೆ ಹೋಯಿತು. ಅವ್ವ ಅದನ್ನು ಮೇಷ್ಟರೇ ಎಂದು ವರದಿ ಮಾಡಿದಳು. ಮೇಷ್ಟರ ಹೆಂಡತಿ ನಮ್ಮ ಜಗುಲಿಗೆ ಬಂದು ಒಂದು ಇಡೀ ಮಧ್ಯಾಹ್ನ ಸ್ಪಷ್ಟೀಕರಣ ಕೊಟ್ಟರು. ಅಂದಿನಿಂದ ಅವ್ವ "ಅವನು ಬಂದ" ಅನ್ನುವುದಿಲ್ಲ. "ಅವನ ಚಪ್ಪಲಿ ಬಂತು" ಅನ್ನುತ್ತಾಳೆ. ಕಂಡದ್ದನ್ನಷ್ಟೇ ಹೇಳುವುದು. ನಮ್ಮ ಡೆಸ್ಕಿಗೆ ಬರುವ ಹೊಸಬರಿಗೆ ಇದನ್ನು ಕಲಿಸಲು ನನಗೆ ವರ್ಷಗಳೇ ಹಿಡಿಯುತ್ತವೆ.

ವಸಂತಾಳನ್ನು ಮೊದಲು ನೋಡಿದ್ದೂ ಆ ಕಿಟಕಿಯೇ. ಅವಳ ಮನೆಯವರು ಸೀರೆ ಕೊಳ್ಳುವ ನೆಪದಲ್ಲಿ ನಮ್ಮ ಮನೆ ನೋಡಲು ಬಂದರು. ಅವರು ಬಾಗಿಲಿಗೆ ಬರುವುದರೊಳಗೆ ಅವ್ವ ತೀರ್ಪು ಕೊಟ್ಟಾಗಿತ್ತು: "ಹುಡುಗಿ ಒಳ್ಳೆಯವಳು. ಚಪ್ಪಲಿ ಮಾತ್ರ ಅಕ್ಕಂದು." ವಸಂತಾ ಇದನ್ನು ಇಂದಿಗೂ ಒಪ್ಪಿಲ್ಲ. ನಿರಾಕರಿಸಿಯೂ ಇಲ್ಲ.

ಈಗ ಅರುಳ್ ತಂದ ಚಿತ್ರಕ್ಕೆ ಬರೋಣ. ಅವ್ವ ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಬಿಳಿ ಹೆಂಗಸಿನ ಕಾಲಿನ ಹತ್ತಿರ ಬೆರಳು ಇಟ್ಟು, "ಇವಳು ನೆಲಕ್ಕೆ ತಾಗ್ತಾನೇ ಇಲ್ಲ," ಎಂದಳು. ನಿಜ. ನಾಯಿಯೂ ತಾಗಿರಲಿಲ್ಲ. ಅರುಳ್ ಎರಡು ಮಹಡಿ ಎತ್ತರದ ಗಾಜನ್ನು ತೋರಿಸಿ, "ಅಮ್ಮಾ, ಇಲ್ಲಿ ಸೋಫಾದಲ್ಲಿ ಕೂತ್ರೆ ನಿಮಗೆ ಆಕಾಶ ಕಾಣುತ್ತೆಂಗ," ಎಂದ.

"ಆಕಾಶ ನೋಡೋಕೆ ನಾನೇನು ಬೆಳೆ ಇಟ್ಟಿದೀನಾ?" ಎಂದಳು ಅವ್ವ.

ಅವನು ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿದೆ.

ವಸಂತಾಳ ಬೇಡಿಕೆ ಬೇರೆ. ನಮ್ಮ ಸೈಟಿನ ಪಶ್ಚಿಮಕ್ಕೆ ಬೆಟ್ಟ. ಮಲಗುವ ಕೋಣೆಯ ಕಿಟಕಿ ತೆರೆದರೆ ಬೆಟ್ಟ ಕಾಣಬೇಕು, ಸಂಜೆಯ ಬಿಸಿಲು ಮಾತ್ರ ಬರಬಾರದು. "ಎರಡೂ ಒಂದೇ ದಿಕ್ಕಿನಲ್ಲಿ ಇರೋದುಂಗ ಮೇಡಂ," ಎಂದು ಅರುಳ್ ಬಹಳ ವಿನಯದಿಂದ ತಿಳಿಸಿದ. ಬೆಟ್ಟವನ್ನು ಸರಿಸುವಂತಿರಲಿಲ್ಲ. ಕೊನೆಗೆ ಕಿಟಕಿಯ ಮುಂದೆ ಅಡ್ಡ ಪಟ್ಟಿಗಳು ಬಂದವು. ಈಗ ಬೆಟ್ಟ ಕೊಯ್ದ ಬದನೆಕಾಯಿಯಂತೆ ಹೋಳುಹೋಳಾಗಿ ಕಾಣುತ್ತದೆ. ಇನ್ನು ಆಡಿ ತಿಂಗಳು, ಅಂದರೆ ತಮಿಳರ ಆಷಾಢ. ನಮ್ಮ ಕಡೆ ಆಡಿ ಗಾಳಿಗೆ ಒರಳುಕಲ್ಲೂ ಹಾರುತ್ತದೆ ಅನ್ನುತ್ತಾರೆ. ಪಾಲಕ್ಕಾಡಿನ ಬೆಟ್ಟಗಳ ಸಂದಿಯಿಂದ ನುಗ್ಗುವ ಆ ಗಾಳಿ ಯಾವ ಕಿಟಕಿಗೂ ಅರ್ಜಿ ಹಾಕಿ ಬರುವುದಲ್ಲ. ಗಾಳಿ ಆಡಲಿ ಎಂದು ಎದುರುಬದುರು ಕಿಟಕಿ ಇಡಿಸಿದೆವು. ಮೊದಲ ವರ್ಷದ ಆಡಿಯಲ್ಲಿ ನಮ್ಮ ಪತ್ರಿಕೆಯ ಕ್ರೀಡಾ ಪುಟ ಪಶ್ಚಿಮದಿಂದ ಪೂರ್ವಕ್ಕೆ, ಹಜಾರ ದಾಟಿ, ಎದುರು ಮನೆಯ ತುಳಸಿಯವರೆಗೆ ಹೋಯಿತು. ನಮ್ಮ ಪತ್ರಿಕೆಗೆ ಆ ಬೀದಿಯಲ್ಲಿ ಸಿಕ್ಕ ಎರಡನೆಯ ಓದುಗರು ಅವರು.

ಆದರೆ ಇದೆಲ್ಲ ಆಮೇಲಿನದು. ಅವ್ವನ ಕಿಟಕಿಯ ಎತ್ತರ ಗುರುತು ಮಾಡಿದ ದಿನದ ಕಥೆ ಹೇಳಬೇಕು.

ಗೋಡೆ ಮೊಣಕಾಲುದ್ದ ಎದ್ದಿತ್ತು. ಒಳಗೆಲ್ಲ ಮಣ್ಣು ತುಂಬಿ ಗಟ್ಟಿ ಮಾಡಿದ್ದರು. ಬೀದಿಯ ಕಡೆಯ ಮೂಲೆಯೊಂದನ್ನು ಮಾತ್ರ ಪೈಪಿಗೆಂದು ತುಂಬದೆ ಬಿಟ್ಟಿದ್ದರು. ಅವ್ವನನ್ನು ನೆಗಮಂನಿಂದ ಕರೆತಂದೆವು. ಅರುಳ್ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, ಫೋನ್ ಬಂತೆಂದು ಗೇಟಿನ ಕಡೆ ಹೋದ. ಅವ್ವ ಕುರ್ಚಿಯ ಮೇಲೆ ತನ್ನ ಕೈಚೀಲವನ್ನು ಕೂರಿಸಿದಳು. ಆಮೇಲೆ ಸುತ್ತ ನೋಡಿದಳು. ನೋಡಿ, ಬೇರೆ ಯಾರಾದರೂ ಇಂಥ ಕಡೆ ಹೊಂಡ ಕಂಡರೆ ದೂರ ನಿಲ್ಲುತ್ತಾರೆ. ನಮ್ಮವರಿಗೆ ಹೊಂಡ ಕಂಡರೆ ಮನೆಗೆ ಬಂದ ಹಾಗೆ. ಆ ಮೂಲೆಯೊಳಗೆ ಅರ್ಧ ಎತ್ತರಕ್ಕೆ ಮಣ್ಣಿನ ಮೆಟ್ಟಿಲಿತ್ತು. ಅವ್ವ ವಸಂತಾಳ ಕೈ ಹಿಡಿದು ಇಳಿದು ಅದರ ಮೇಲೆ ಕೂತು, ಕಾಲನ್ನು ಇನ್ನೂ ಕೆಳಕ್ಕೆ ಇಳಿಬಿಟ್ಟಳು. ಬೆನ್ನು ನೆಟ್ಟಗಾಯಿತು. ಆ ದಿನವೆಲ್ಲ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು. ನಮಗೆಲ್ಲ ಎಂಥ ಸಮಾಧಾನವೆಂದರೆ, ಅವ್ವ ಈಗ ಅವ್ವನ ಹಾಗೆ ಕಂಡಳು.

"ಇಷ್ಟಕ್ಕೆ," ಎಂದು ಎದುರು ಗೋಡೆಯ ಕಡೆ ಅಂಗೈ ಚಾಚಿದಳು. "ಇದರ ಕೆಳಗೆ ಒಂದು ಗೇಣು. ಮೇಲೆ ಒಂದು ಗೇಣು. ಅಗಲ ನಿನ್ನಿಷ್ಟ."

ಮೇಸ್ತ್ರಿ ಪಳನಿಸ್ವಾಮಿ, "ಇಷ್ಟು ಕೆಳಗಾಂಗ ಸಾರ್?" ಎಂದು ಕೇಳಿದರು.

"ನಮ್ಮ ಜನದಲ್ಲಿ ಹಾಗೇ," ಎಂದೆ ನಾನು, ಒಂದು ಪರಂಪರೆಯ ಅಧಿಕೃತ ವಕ್ತಾರನ ಗತ್ತಿನಲ್ಲಿ. ವಸಂತಾ ಟೇಪು ಹಿಡಿದಳು. ನಾನು ಇಟ್ಟಿಗೆ ಚೂರಿನಿಂದ ಗೆರೆ ಎಳೆದೆ. ಅವ್ವ ಕೂತಿದ್ದಳು, ಕಾಲು ಕುಳಿಯಲ್ಲಿತ್ತು. ಕೂತದ್ದು ನೆಲ, ಕಾಲಿರುವುದು ಕುಳಿ. ಮಗ್ಗದ ಮನೆಯ ನಮ್ಮ ಮೂವರಿಗೂ ಇದರಲ್ಲಿ ಕೇಳುವಂಥದ್ದು ಏನೂ ಕಾಣಲಿಲ್ಲ. ಅವಳು ಕೂತ ನೆಲ ಇನ್ನೂ ನೆಲವಾಗಿಲ್ಲ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಕಾಂಕ್ರೀಟು, ಕಾಂಕ್ರೀಟಿನ ಮೇಲೆ ಟೈಲ್ಸ್ ಬರಬೇಕು ಎಂಬುದು ಗಣಿತದ ಮೇಡಂಗೂ ಹೊಳೆಯಲಿಲ್ಲ, ಅನುಮಾನವನ್ನೇ ಉಂಡು ಬದುಕುವ ನನಗೂ ಹೊಳೆಯಲಿಲ್ಲ.

ಪೈಪು ಕೊನೆಗೆ ಬೇರೆ ಕಡೆಯಿಂದ ಹೋಯಿತು. ಪೈಪುಗಳ ಸ್ವಭಾವವೇ ಅದು. ಮೂಲೆಗೆ ಮಣ್ಣು ತುಂಬಿದರು. ಗೋಡೆ ಎದ್ದಿತು. ಕಟ್ಟಡಕ್ಕೆ ಕಣ್ಣು ತಾಗದಿರಲಿ ಎಂದು ಮೇಸ್ತ್ರಿ ಎಲಿವೇಶನ್ನಿನ ಮೇಲೆ ಕೋರೆಹಲ್ಲಿನ, ದಪ್ಪ ಮೀಸೆಯ ದೃಷ್ಟಿಬೊಂಬೆಯ ಮುಖ ತೂಗುಹಾಕಿದರು. ಆ ಮುಖಕ್ಕಿಂತ ಚೆನ್ನಾದದ್ದು ಆ ಗೋಡೆಯ ಮೇಲೆ ಆಮೇಲೂ ಬಂದಿಲ್ಲ. ಎಲಿವೇಶನ್ ಮುಚ್ಚಿಹೋಗಬಾರದೆಂದು ಮುಂದೆ ಕಾಂಪೌಂಡ್ ಗೋಡೆಯ ಬದಲು ಬರೀ ಕಂಬಿಗಳ ಗ್ರಿಲ್ ಹಾಕಿದರು. ಟೈಲ್ಸ್ ಬಂದವು, ವಸಂತಾ ಆರಿಸಲು ತಿಂಗಳುಗಟ್ಟಲೆ ಅಂಗಡಿ ಸುತ್ತಿದ ಟೈಲ್ಸ್. ಹಾಸಿ ಒರೆಸಿದ ದಿನ ನಾವು ಒಳಗೆ ಹೋಗಿ ನಿಂತೆವು. ಎರಡು ಮಹಡಿ ಎತ್ತರದ ಗಾಜು, ಬೂದು ಬಣ್ಣದ ಕಲ್ಲು, ಮರದಂತೆ ಕಾಣುವ ಮರವಲ್ಲದ ಪಟ್ಟಿ. ಎಲ್ಲದರ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು, ಉದ್ದನೆಯ ಸೀಳಿನಂತೆ ಅವ್ವನ ಕಿಟಕಿ.

"ಅಳತೆ ತಪ್ಪಿಲ್ಲ," ಎಂದಳು ವಸಂತಾ. "ಸೊನ್ನೆ ಎಲ್ಲಿಂದ ಅಂತ ಕೇಳಲಿಲ್ಲ, ಅಷ್ಟೇ."

ಅರುಳ್‌ಗೆ ಫೋನ್ ಮಾಡಿದರೆ, "ನಿಮ್ಮ ಕುಲದ ಪದ್ಧತಿ ಇರಬೇಕು ಅಂದ್ಕೊಂಡೆಂಗ ಸಾರ್," ಎಂದ. ಬೀದಿಯವರ ಅಭಿಪ್ರಾಯಗಳು ಬಂದವು. ಗಾಳಿ ಹೋಗಲು ಎಂದರು ಒಬ್ಬರು. ಕೆಳಗೆ ನೆಲಮಾಳಿಗೆ ಇದೆ, ಹೇಳುತ್ತಿಲ್ಲ ಎಂದರು ಇನ್ನೊಬ್ಬರು. ಹಾಲಿನವನು ಅದನ್ನು ಹಾಲಿನ ಗೂಡು ಎಂದೇ ತಿಳಿದು ಅಲ್ಲಿ ಪ್ಯಾಕೆಟ್ ಇಟ್ಟುಹೋದ. ತಿರುಪ್ಪೂರಿನ ಬಾಮೈದ ಮಾತ್ರ ಮಂಡಿಯೂರಿ ಕೂತು ಫೋಟೊ ತೆಗೆದುಕೊಂಡ: "ಹೊಸ ಮಾಡೆಲ್ಲಾ ಬಾವಾ? ನಮಗ್ಯಾಕೆ ಹೇಳಲಿಲ್ಲ?"

ಹಾಲು ಉಕ್ಕಿಸುವ ಹಿಂದಿನ ದಿನ ಅವ್ವ ಬಂದಳು, ಜೊತೆಗೆ ಚಿಕ್ಕವ್ವನೂ ಬಂದಳು. ಅವ್ವ ಗಾಜು ನೋಡಲಿಲ್ಲ, ಕಲ್ಲು ನೋಡಲಿಲ್ಲ. ನೇರ ಮೂಲೆಗೆ ಹೋಗಿ ಕೂತಳು. ಬಗ್ಗಿದಳು. ಸಾಲಲಿಲ್ಲ. ಇನ್ನೂ ಬಗ್ಗಿದಳು. ಕೊನೆಗೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಕಿಟಕಿಯಿಂದ ಹೊರಗೆ ನೋಡಿದಳು. ನಾವು ಸುತ್ತ ನಿಂತಿದ್ದೆವು, ಸ್ಥಳದಲ್ಲೇ ಸಿಕ್ಕಿಬಿದ್ದವರ ಹಾಗೆ.

"ಅಕ್ಕಾ, ಏಳು," ಎಂದಳು ಚಿಕ್ಕವ್ವ. ಅವಳ ದನಿಯಲ್ಲಿ ದುಃಖ ಎಳ್ಳಷ್ಟೂ ಇರಲಿಲ್ಲ. "ನಾಳೆ ಹಾಲು ಕುಡಿದು ನನ್ನ ಜೊತೆ ಬಂದ್ಬಿಡು. ನಮ್ಮ ಜನ್ನಲು ಸಾಧಾರಣದ್ದೇ, ಆದ್ರೆ ಗೋಡೆಯಲ್ಲಿದೆ."

"ಸುಮ್ನಿರು," ಎಂದಳು ಅವ್ವ ನೆಲದಿಂದಲೇ. "ಜನ್ನಲು ಸರಿಯಾಗೇ ಇದೆ."

"ಮತ್ತೇನವ್ವಾ?" ಎಂದೆ.

"ನೆಲ ತಪ್ಪಾಗಿದೆ. ಮೇಸ್ತ್ರಿನ ಕರಿ. ಕುಳಿ ತೋಡಲಿ."

ವಸಂತಾ ಅಡುಗೆಮನೆಗೆ ಹೋದಳು. ಒಂದು ಪಾತ್ರೆ ಸ್ವಲ್ಪ ಜೋರಾಗಿ ಇಳಿದ ಶಬ್ದ ಬಂತು. ನಾನು ಆ ಟೈಲ್ಸಿನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು ವಾಪಸ್ಸು ಬಂದು, ಅವ್ವನ ಎದುರು ನೆಲದ ಮೇಲೆ ಕೂತಳು.

"ಅತ್ತೆ, ತೋಡಿಸಿದ್ರೆ ಇರ್ತೀರಾ?"

"ಇದ್ದು ನೋಡ್ತೀನಿ."

"ನೋಡೋದೆಲ್ಲ ಆಗಲ್ಲ. ಟೈಲ್ಸ್ ಒಡೆದ ಮೇಲೆ ಇರಲೇಬೇಕು."

ಅವ್ವ ಎದ್ದು ಕೂತು, ಕೆನ್ನೆಯ ಧೂಳು ಒರೆಸಿಕೊಂಡಳು. "ಆಡಿ ಮುಗಿಯೋವರೆಗೂ ಇರ್ತೀನಿ. ಆಮೇಲೆ ನಿನ್ನ ಟೈಲ್ಸು ನಿನ್ನ ಯೋಗ ಕಣ್ಣು." ನಮ್ಮ ಕಡೆ ಕಣ್ಣು ಅಂದರೆ ಮರಿ, ಚಿನ್ನ ಅಂದ ಹಾಗೆ.

ವ್ಯಾಪಾರ ಕುದುರಿತು. ಹಾಲು ಉಕ್ಕಿದ ಮೂರನೆಯ ದಿನ, ಹೊಸ ಮನೆಯ ಹೊಸ ನೆಲಕ್ಕೆ ಡ್ರಿಲ್ ಬಿತ್ತು. ಮೇಸ್ತ್ರಿ ಕಿವಿಗೆ ಹತ್ತಿ ಇಟ್ಟುಕೊಂಡು, ಮುಖ ಇನ್ನೊಂದು ಕಡೆ ತಿರುಗಿಸಿ ಒಡೆಸಿದರು. ಕುಳಿಗೆ ಮೆಟ್ಟಿಲು ಬಂತು, ಅಂಚಿಗೆ ನುಣ್ಣನೆಯ ಕಲ್ಲು, ಹಿಡಿದು ಇಳಿಯಲು ಸ್ಟೀಲ್ ಕಂಬಿ. ಮಳೆ ಎರಚದಂತೆ ಹೊರಗೆ ಕಿಟಕಿಯ ಮೇಲೆ ಇಳಿಜಾರಿನ ಸನ್‌ಶೇಡ್ ಬಂತು. ಹಾಗಾಗಿ ಒಳಗಿನಿಂದ ನೋಡಿದರೆ ಎದುರು ರಸ್ತೆ ಮೊಣಕಾಲಿನವರೆಗೆ ಮಾತ್ರ ಕಾಣುತ್ತದೆ. ಅರುಳ್ ಬಂದು ನೋಡಿ, ತಲೆ ಕೆರೆದುಕೊಂಡು, ಎಲ್ಲ ಕೋನಗಳಿಂದ ಫೋಟೊ ಹೊಡೆದುಕೊಂಡ. ಈಗ ಅದಕ್ಕೆ 'ಸಂಕನ್ ಸೀಟಿಂಗ್' ಎಂದು ಹೆಸರಿಟ್ಟು ಪೀಳಮೇಡಿನ ಐಟಿ ದಂಪತಿಗಳಿಗೆ ತೋರಿಸುತ್ತಾನಂತೆ. ಅವರು ಅದರಲ್ಲಿ ದಿಂಬು ಹಾಕಿಕೊಂಡು ಕಾಫಿ ಕುಡಿಯುತ್ತಾರಂತೆ.

ಅವ್ವ ಕುಳಿಗೆ ಇಳಿದು ಕೂತಳು. ಕಣ್ಣು ಕಿಟಕಿಗೆ ಸರಿಯಾಗಿ ಬಂತು. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಬೀದಿಯಲ್ಲಿ ಕಾಲುಗಳೇ ಇರಲಿಲ್ಲ.

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ತೋಟ ಹರಿದು ಮಾಡಿದ ಲೇಔಟು ಅದು. ಜನ ಗೇಟಿನೊಳಗೇ ಕಾರು ಹತ್ತುತ್ತಾರೆ, ಗೇಟಿನೊಳಗೇ ಇಳಿಯುತ್ತಾರೆ. ಬೆಳಿಗ್ಗೆ ಟೈರು ಹೋಗುತ್ತದೆ, ಸಂಜೆ ಟೈರು ಬರುತ್ತದೆ. ತರಕಾರಿಯೂ ಟೈರಿನ ಮೇಲೆ, ಔಷಧಿಯೂ ಟೈರಿನ ಮೇಲೆ. ಅವ್ವ ಕೆಲವು ದಿನ ಟೈರುಗಳನ್ನೇ ಓದಲು ನೋಡಿದಳು. "ಆ ಬಿಳಿ ಕಾರಿನ ಹಿಂದಿನ ಚಕ್ರ ಬೋಳು, ಹೇಳು ಅವರಿಗೆ," ಎಂದಳು. ಹೇಳಿದೆ, ಅವರಿಗೆ ಸಂತೋಷವಾಗಲಿಲ್ಲ. ಆಮೇಲೆ ಅವಳು ಸುಮ್ಮನಾದಳು. ಅವ್ವ ಬೈದರೆ ನಾವು ಹೆದರುವುದಿಲ್ಲ, ಸುಮ್ಮನಾದರೆ ಹೆದರುತ್ತೇವೆ. ಆಡಿ ಇನ್ನೂ ಅರ್ಧವೂ ಕಳೆದಿರಲಿಲ್ಲ. ಒಂದು ದಿನ ನೋಡಿದರೆ ಅವಳ ಸೀರೆಗಳು ಮಂಚದ ಮೇಲೆ ಮಡಚಿ ಕೂತಿವೆ, ಪಕ್ಕದಲ್ಲಿ ಚೀಲ ಬಾಯಿ ತೆರೆದುಕೊಂಡಿದೆ. ವಸಂತಾ ಆ ಚೀಲದ ಕಡೆ ನೋಡಿದಳು, ಕುಳಿಯ ಕಡೆ ನೋಡಿದಳು. ಅವಳ ಮುಖದಲ್ಲಿ ಇದ್ದದ್ದು ಟೈಲ್ಸಿನ ಚಿಂತೆಯಲ್ಲ.

"ನಾನು ದಿನಾ ಎರಡು ಸಲ ಆ ಕಡೆಯಿಂದ ಈ ಕಡೆ ನಡೀಲಾ?" ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದಳು.

"ನಿನ್ನ ಕಾಲು ಅವಳಿಗೆ ಗೊತ್ತು."

"ಬೇರೆ ಚಪ್ಪಲಿ ಹಾಕ್ಕೊಂಡ್ರೆ?"

"ಮೊದಲನೇ ಸಲವೇ ಗೊತ್ತಾಗಿತ್ತಲ್ಲ," ಎಂದೆ. ಆ ರಾತ್ರಿಯ ಸಾರಿಗೆ ಉಪ್ಪು ಇರಲಿಲ್ಲ.

ಮರುದಿನ ಸಂಜೆ, ಲೇಔಟಿನ ಕೊನೆಯ ಮನೆಯ ಒಬ್ಬಾಕೆ, ವೈದ್ಯರು ನಡೆಯಲು ಹೇಳಿದ್ದರಿಂದ, ಸೀರೆಯ ಕೆಳಗೆ ಗುಲಾಬಿ ಶೂ ಹಾಕಿಕೊಂಡು ನಮ್ಮ ಗ್ರಿಲ್ ಪಕ್ಕದಲ್ಲಿ ಬಿರುಸಾಗಿ ನಡೆದುಹೋಗುತ್ತಿದ್ದರು. ಬೀದಿಯಲ್ಲಿ ಯಾರೂ ಇರಲಿಲ್ಲ. ನೆಲದೊಳಗಿನಿಂದ ಒಂದು ದನಿ ತಮಿಳಿನಲ್ಲಿ ಹೇಳಿತು: "ಎಡಗಾಲಿನ ದಾರ ಬಿಚ್ಚಿದೆ ಕಣ್ಣು. ಬಿದ್ದೀಯ."

ಆಕೆ ಬೀಳಲಿಲ್ಲ, ಕಿರುಚಿದರು. ಲೇಔಟಿನ ನಾಯಿಗಳೆಲ್ಲ ಬೊಗಳಿದವು. ವಸಂತಾ ಓಡಿಹೋಗಿ ನೀರು ಕೊಟ್ಟು, ಒಳಗೆ ಕರೆತಂದು, ದನಿಯ ಮೂಲವನ್ನು ತೋರಿಸಿದಳು. ಕುಳಿಯಲ್ಲಿ ಕಾಲಾಡಿಸುತ್ತ ಕೂತಿದ್ದ ಮೂಲ, "ನಿನ್ನ ಬಲಗಾಲು ಊರೋದ್ರಲ್ಲೂ ನೋವಿದೆ. ಹಿಮ್ಮಡಿಗೆ ಎಣ್ಣೆ ಹಚ್ತೀಯಾ?" ಎಂದಿತು. ಆಕೆ ಕೂತರು. ಹಿಮ್ಮಡಿಯಿಂದ ಶುರುವಾದದ್ದು ಸೊಸೆಯವರೆಗೆ ಹೋಯಿತು. ಮರುದಿನ ಆಕೆ ಇನ್ನಿಬ್ಬರನ್ನು ಕರೆದುಕೊಂಡು ಬಂದರು, ದನಿ ಕೇಳಿಸಲು. ಈಗ ಲೇಔಟಿನಲ್ಲಿ ಸಂಜೆ ನಡೆಯುವ ಗುಂಪೊಂದು ಇದೆ. ನಮ್ಮ ಮನೆಯ ಎದುರು ಮಾತ್ರ ಅವರ ನಡಿಗೆ ನಿಧಾನ. ಕೆಲವರು ನಿಲ್ಲುತ್ತಾರೆ, ಕೆಲವರು ಗ್ರಿಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಲೇಔಟಿನ ಸಂಘದ ಅಧ್ಯಕ್ಷರು, ಎಂಥವರಿಗೂ ತಲೆ ಬಾಗಿಸದ ಮನುಷ್ಯ, ಒಂದು ದಿನ ರಸ್ತೆಯಲ್ಲಿ ಕೂತು, ಕುತ್ತಿಗೆ ಓರೆ ಮಾಡಿ, "ಅಮ್ಮಾ, ಬೀದಿ ದೀಪ ಒಡೆದದ್ದು ಯಾರು ಅಂತ ಏನಾದ್ರೂ...?" ಎಂದು ವಿಚಾರಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅವ್ವ, "ಯಾರು ಅಂತ ಗೊತ್ತಿಲ್ಲ. ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ. ಹಿಂದೆ ಒಂದು ಚೆಂಡು ಬಂತು," ಎಂದಳು. ಆ ಚಪ್ಪಲಿ ಅಧ್ಯಕ್ಷರ ಮೊಮ್ಮಗನದೇ ಆಗಿದ್ದರಿಂದ ತನಿಖೆ ಅಲ್ಲಿಗೆ ನಿಂತಿತು.

ಆಡಿ ಮುಗಿಯಿತು. ಮಂಚದ ಮೇಲಿನ ಸೀರೆಗಳ ಬಗ್ಗೆ ನಾವು ಯಾರೂ ಕೇಳಲಿಲ್ಲ. ಕೇಳಿದರೆ ನೆನಪಾಗಿಬಿಟ್ಟೀತು ಎಂಬ ಭಯ.

ಕೇಳುವ ಕೆಲಸವನ್ನು ಚಿಕ್ಕವ್ವನೇ ಮಾಡಿದಳು. ಅವಳ ಮೊಮ್ಮಗಳ ನಿಶ್ಚಿತಾರ್ಥ; ಅಕ್ಕನನ್ನು ಕರೆದೊಯ್ಯಲು ಕಾರು ಮಾಡಿಕೊಂಡು ತಾನೇ ಬಂದಿದ್ದಳು. ಒಂದು ವಾರಕ್ಕೆ ಎಂದು ಬಾಯಲ್ಲಿ ಹೇಳಿದಳು. ಆದರೆ ಅವ್ವನ ಕೋಣೆಗೆ ಹೋಗಿ ಸೀರೆ, ಔಷಧಿ, ದೇವರ ಪಟ ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದುದು ವರ್ಷಕ್ಕಾಗುವಷ್ಟು. ವಸಂತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ತಡೆಯಲಿಲ್ಲ. ಮಾತು ಮಾತೇ, ಆಡಿಯವರೆಗೆ ಎಂದಿತ್ತು.

"ಬಾ ಅಕ್ಕಾ, ಏಳು," ಎಂದು ಚಿಕ್ಕವ್ವ ಹಜಾರಕ್ಕೆ ಬಂದಳು. ಹೊರಗೆ ಡ್ರೈವರ್ ಹಾರ್ನ್ ಹಾಕಿದ.

ಅವ್ವ ಕುಳಿಯಿಂದ ಏಳಲಿಲ್ಲ. ಕಿಟಕಿಯಿಂದ ಕಣ್ಣೂ ತೆಗೆಯಲಿಲ್ಲ. "ನಿಶ್ಚಿತಾರ್ಥದ ದಿನ ಬೆಳಿಗ್ಗೆ ಬರ್ತೀನಿ. ಸಂಜೆಗೆ ವಾಪಸ್ಸು ಬಿಟ್ಬಿಡು."

"ಯಾಕಕ್ಕಾ? ನಿನ್ನ ಊರಲ್ವಾ ಅದು? ನಾನಿಲ್ವಾ?"

"ಮೆಲ್ಲಗೆ ಮಾತಾಡು," ಎಂದಳು ಅವ್ವ. "ನಿನ್ನೆ ಮಧ್ಯಾಹ್ನ ಎದುರು ಮನೆಗೆ ಒಂದು ಜೋಡಿ ಹೊಸ ಶೂ ಬಂತು. ಆ ಮನೆ ಗಂಡಸು ಊರಲ್ಲಿಲ್ಲ. ಶೂ ಒಳಗೆ ಹೋದದ್ದು ನೋಡಿದೀನಿ. ಹೊರಗೆ ಬಂದದ್ದು ಇನ್ನೂ ನೋಡಿಲ್ಲ."

ಹಾರ್ನ್ ಇನ್ನೊಮ್ಮೆ ಕೇಳಿಸಿತು. ಚಿಕ್ಕವ್ವ ಬಾಗಿಲ ಕಡೆ ನೋಡಿದಳು, ತುಂಬಿದ ಚೀಲದ ಕಡೆ ನೋಡಿದಳು. ಆಮೇಲೆ ಚೀಲವನ್ನು ಕೆಳಗಿಟ್ಟು, ಸ್ಟೀಲ್ ಕಂಬಿ ಹಿಡಿದು ಮೆಟ್ಟಿಲಿಳಿದು, ಅಕ್ಕನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕಾಲು ಇಳಿಬಿಟ್ಟಳು.

"ಯಾವ ಬಣ್ಣ?" ಎಂದು ಕೇಳಿದಳು.